ವಾಟರ್ ಪಂಪ್ ಹಾಕಿಸಿದ ಮೇಲೆ ಆಯಿಲ್ ಲೀಕ್: ಎಸ್ಟೀಮ್, ಬಳ್ಳಾರಿ

ಕೌಲ್‌ಬಜಾರ್ ಎಸ್ಟೀಮ್

ಎಲ್ಲರಿಗೂ ನಮಸ್ಕಾರ. ಗಾಡಿ 2004ರ ಮಾರುತಿ ಎಸ್ಟೀಮ್, ಪೆಟ್ರೋಲ್. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸ್ತಾ ಇದ್ದೇನೆ. ಕೆಲಸಕ್ಕೆ ದಿನಾ ತೋರಣಗಲ್ಲಿಗೆ ಹೋಗಿ ಬರಬೇಕು. ಈ ಬೇಸಿಗೆಯಲ್ಲಿ ಕುಡಿತಿನಿ ದಾಟುವಷ್ಟರಲ್ಲೇ ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿತ್ತು. ನೋಡಿದರೆ ವಾಟರ್ ಪಂಪ್ ಕೆಳಗಿರುವ ಸಣ್ಣ ತೂತಿನಿಂದ ಕೂಲೆಂಟ್ ಸೋರುತ್ತಿತ್ತು. ಇಲ್ಲೇ ಒಂದು ಗ್ಯಾರೇಜಲ್ಲಿ ಪಂಪ್ ಬದಲಾಯಿಸಿದರು. ಹೇಗೂ ಬಿಚ್ಚಿದ್ದೇವೆ ಅಂತ ಟೈಮಿಂಗ್ ಬೆಲ್ಟು (ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ಆಡಿಸೋ ಹಲ್ಲಿನ ಬೆಲ್ಟು), ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಎರಡನ್ನೂ ಹೊಸದು ಹಾಕಿದರು. ಹೀಟ್ ಆಗೋದು ಪೂರ್ತಿ ನಿಂತಿದೆ. ಆ ವಿಷಯದಲ್ಲಿ ದೂರಿಲ್ಲ.

ಈಗ ಬೇರೆ ಕಾಟ. ಡ್ರೈವರ್ ಸೈಡ್ ಮುಂದಿನ ಚಕ್ರದ ಹತ್ತಿರ, ಬೆಲ್ಟ್ ಇರುವ ಕಡೆ, ನೆಲದ ಮೇಲೆ ಎಣ್ಣೆ ಬೀಳ್ತಾ ಇದೆ. ಆಯಿಲ್ ಗೇಜ್ ಕಡ್ಡಿ ತೆಗೆದು ನೋಡಿದರೆ ಫುಲ್ ಗೆರೆಯಲ್ಲಿದ್ದ ಆಯಿಲ್ ನಡುವಿಗೆ ಬಂದಿದೆ. ಗ್ಯಾರೇಜಿನವರು ಕೆಳಗಿನಿಂದ ಟಾರ್ಚ್ ಹಿಡಿದು ನೋಡಿ "ಕ್ರ್ಯಾಂಕ್ ಸೀಲ್ ಹೋಗಿದೆ, ಮತ್ತೆ ಎಲ್ಲ ಬಿಚ್ಚಬೇಕು, ಎಣ್ಣೆ ತಾಗಿರುತ್ತೆ, ಬೆಲ್ಟ್ ಕೂಡ ಮತ್ತೆ ಹೊಸದು" ಅಂತ ಹೇಳಿದರು. ಇಂಜಿನ್ನಿನ ಮುಖ್ಯ ಶಾಫ್ಟ್ ಹೊರಬರೋ ಕಡೆ ಎಣ್ಣೆ ತಡೆಯೋ ರಬ್ಬರ್ ಅಂತೆ ಆ ಸೀಲ್. ಲೇಬರ್ ಮತ್ತೆ ಬೇರೆ. ಪಂಪ್ ಹಾಕಿಸೋ ಮುಂಚೆ ಈ ಜಾಗದಲ್ಲಿ ಒಂದು ಹನಿ ಎಣ್ಣೆ ಬಿದ್ದಿರಲಿಲ್ಲ. ನೀರಿನ ಪಂಪ್ ಬದಲಾಯಿಸಿದರೆ ಎಣ್ಣೆ ಯಾಕೆ ಸೋರಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಗಾಡಿ ನಿಲ್ಲಿಸಿಬಿಡಲೋ, ಓಡಿಸಬಹುದೋ ಅದೂ ತಿಳೀತಾ ಇಲ್ಲ.

ರಾಯಚೂರು ಬಿಸಿಲು

ಮೊದಲು ಅದು ಇಂಜಿನ್ ಆಯಿಲ್ಲೇ ಹೌದಾ ಅಂತ ಖಚಿತ ಮಾಡಿಕೊಳ್ಳಿ ಬ್ರೋ. ರಾತ್ರಿ ಗಾಡಿ ಕೆಳಗೆ ಬಿಳಿ ರಟ್ಟು ಅಥವಾ ಪೇಪರ್ ಹಾಸಿ ಬಿಡಿ. ಕೂಲೆಂಟ್ ಆದರೆ ಹಸಿರೋ ಕೆಂಪೋ ಬಣ್ಣ ಇರುತ್ತೆ, ಪೇಪರ್ ನೀರು ಕುಡಿದ ಹಾಗೆ ನೆನೆಯುತ್ತೆ. ಪವರ್ ಸ್ಟೀರಿಂಗ್ ಆಯಿಲ್ ಸಾಮಾನ್ಯವಾಗಿ ಕೆಂಪಗೆ, ತೆಳ್ಳಗೆ ಇರುತ್ತೆ. ಇಂಜಿನ್ ಆಯಿಲ್ ಕಂದು ಇಲ್ಲಾ ಕಪ್ಪು, ಬೆರಳಲ್ಲಿ ಉಜ್ಜಿದರೆ ಜಾರುತ್ತೆ.

ಇನ್ನೊಂದು ಮಾತು. ಪಂಪ್ ಬಿಚ್ಚುವಾಗ ಲೀಟರ್‌ಗಟ್ಟಲೆ ಕೂಲೆಂಟ್ ಇಂಜಿನ್ ಮುಂಭಾಗದ ಮೇಲೆ ಸುರಿಯುತ್ತೆ. ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಹಳೇ ಜಿಡ್ಡು ನೆನೆದು ಆಮೇಲೆ ಕೆಲವು ದಿನ ಕರಗಿ ಬೀಳ್ತಾ ಇರುತ್ತೆ. ನೋಡೋಕೆ ಲೀಕ್ ಥರಾನೇ ಕಾಣುತ್ತೆ. ಆದರೆ ನಿಮ್ಮ ಗೇಜಲ್ಲಿ ಆಯಿಲ್ ಇಳಿದಿದೆ ಅಂದರೆ ಬರೀ ಜಿಡ್ಡು ಅಲ್ಲ ಅನಿಸುತ್ತೆ.

ಸಿರುಗುಪ್ಪ ರೋಡ್

ಲೀಕ್ ನಿಲ್ಲಿಸೋ ಲಿಕ್ವಿಡ್ ಡಬ್ಬಿ ಸಿಗುತ್ತಲ್ಲ, ಆಯಿಲ್ ಜೊತೆ ಹಾಕಿಬಿಡಿ. ನಮ್ಮ ಮಾವನ ಹಳೇ ಗಾಡಿಗೆ ಹಾಕಿದ್ದರು, ಒಂದು ವರ್ಷ ಓಡಿತು.

ಗಂಗಾವತಿ ಸ್ಪ್ಯಾನರ್

ಅಣ್ಣಾ, ಆ ಡಬ್ಬಿ ಈಗ ಬೇಡ. ಅದು ಹಳೇ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸುತ್ತೆ, ಅಷ್ಟೇ. ವಯಸ್ಸಾಗಿ ಗಟ್ಟಿಯಾದ ಸೀಲ್ ನಿಧಾನಕ್ಕೆ ಬೆವರುತ್ತಿದ್ದರೆ ಕೆಲಸಕ್ಕೆ ಬಂದೀತು. ನಿನ್ನೆ ಮೊನ್ನೆ ಕೈ ಹಾಕಿದ ಜಾಗದಲ್ಲಿ ಏನೋ ಹರಿದಿದ್ದರೆ, ಅಥವಾ ಹಾಕಲೇ ಇಲ್ಲದಿದ್ದರೆ, ಅದು ಉಬ್ಬಿಸಲು ಅಲ್ಲಿ ಏನೂ ಇಲ್ಲ.

ಎಸ್ಟೀಮ್ ಅವರೇ, ನಾನು ಈ ಕೆಲಸದಲ್ಲೇ ಬೆಳೆದವನು. ಈ ಇಂಜಿನ್ ಬಹಳ ಬಿಚ್ಚಿದ್ದೇನೆ. ನೀವು ಕೇಳಿದ ಪ್ರಶ್ನೆ ಸರಿಯಾಗಿದೆ: ನೀರಿನ ಪಂಪ್‌ಗೂ ಎಣ್ಣೆಗೂ ಏನು ಸಂಬಂಧ? ನೇರ ಸಂಬಂಧ ಇಲ್ಲ. ಆದರೆ ಆ ಪಂಪ್ ತಲುಪೋ ದಾರಿಯಲ್ಲಿ ಎಣ್ಣೆಯ ಸಾಮಾನು ತುಂಬಾ ಇದೆ. ಪಂಪ್ ಪುಲ್ಲಿ ತಿರುಗೋದು ಹೊರಗಿನ ಆಲ್ಟರ್ನೇಟರ್ ಬೆಲ್ಟಲ್ಲಿ, ಆದರೆ ಪಂಪ್ ಕೂತಿರೋದು ಟೈಮಿಂಗ್ ಬೆಲ್ಟ್ ಹಿಂದೆ. ಅದಕ್ಕೆ ಟೈಮಿಂಗ್ ಕವರ್ ತೆಗೀಬೇಕು, ಬೆಲ್ಟ್ ತೆಗೀಬೇಕು, ಕ್ರ್ಯಾಂಕ್ ಪುಲ್ಲಿ ತೆಗೀಬೇಕು. ಅಲ್ಲೇ ಮೇಲೆ ವಾಲ್ವ್ ಆಡಿಸೋ ಕ್ಯಾಮ್ ಶಾಫ್ಟಿನ ಸೀಲ್, ಕೆಳಗೆ ಆಯಿಲ್ ಪಂಪ್ ಕೇಸು, ಅದರೊಳಗೆ ಕ್ರ್ಯಾಂಕ್ ಸೀಲ್. ಮೇಲುಗಡೆ ಇಂಜಿನ್ ತಲೆ ಮುಚ್ಚೋ ಟ್ಯಾಪೆಟ್ ಕವರ್ ಪ್ಯಾಕಿಂಗ್. ಇಂಜಿನ್ ಎತ್ತಿ ಹಿಡಿಯೋಕೆ ಜಾಕಿ ಕೊಟ್ಟಿದ್ದರೆ ಕೆಳಗೆ ಚೇಂಬರ್, ಅಂದರೆ ಆಯಿಲ್ ಕೂರೋ ತಳದ ತೊಟ್ಟಿ. ಇವೆಲ್ಲದರ ಜೊತೆ ಇನ್ನೊಂದು ಇದೆ, ಅದನ್ನ ಬಹಳ ಜನ ಮರೀತಾರೆ. ಆಯಿಲ್ ಗೇಜ್ ಕಡ್ಡಿ ಇಳಿಯೋ ಉದ್ದನೆ ಪೈಪ್. ಈ ಇಂಜಿನಲ್ಲಿ ಅದನ್ನು ಕಿತ್ತು ಪಕ್ಕಕ್ಕಿಡದೆ ವಾಟರ್ ಪಂಪ್ ಹೊರಗೆ ಬರೋದಿಲ್ಲ. ಆ ಪೈಪಿನ ಬುಡ ಆಯಿಲ್ ಪಂಪ್ ಕೇಸಿನ ತೂತಿನಲ್ಲಿ ಕೂರುತ್ತೆ, ಬುಡದಲ್ಲಿ ಒಂದು ಸಣ್ಣ ರಬ್ಬರ್ ಓ ರಿಂಗ್ ಇರುತ್ತೆ. ಇಪ್ಪತ್ತು ವರ್ಷ ಇಂಜಿನ್ ಬಿಸಿಯಲ್ಲಿ ಕೂತ ರಿಂಗ್ ಮೊದಲೇ ಗಟ್ಟಿಯಾಗಿರುತ್ತೆ. ಪೈಪ್ ಅಲ್ಲಾಡಿಸದೆ ಇದ್ದರೆ ಹಾಗೇ ಹಿಡಿದುಕೊಂಡಿರುತ್ತೆ. ಒಂದು ಸಲ ಕಿತ್ತು ಅದೇ ರಿಂಗನ್ನ ಮತ್ತೆ ಒಳಗೆ ತಳ್ಳಿದರೆ ಅಂಚು ಹರಿದು ಹೋಗುತ್ತೆ.

ಅದೇ ಅಂತ ನಾನು ಇಲ್ಲಿ ಕೂತು ಹೇಳೋಕಾಗಲ್ಲ. ಆದರೆ ಕ್ರ್ಯಾಂಕ್ ಸೀಲೇ ಅಂತ ಕೆಳಗಿನಿಂದ ಟಾರ್ಚ್ ಹಿಡಿದು ಹೇಳೋಕೂ ಆಗಲ್ಲ. ಎಣ್ಣೆ ಎಲ್ಲಿಂದ ಹೊರಟರೂ ಕೆಳಗೇ ಬರುತ್ತೆ. ಫ್ಯಾನ್ ಗಾಳಿ, ರೋಡಿನ ಗಾಳಿ ಎರಡೂ ಅದನ್ನ ಹಿಂದಕ್ಕೆ ಚದುರಿಸುತ್ತೆ. ಕೊನೆಗೆ ಎಲ್ಲ ಎಣ್ಣೆಯೂ ಕ್ರ್ಯಾಂಕ್ ಪುಲ್ಲಿ, ಚೇಂಬರ್ ಇರೋ ತಗ್ಗಿನಲ್ಲೇ ಹನಿಯುತ್ತೆ. ಹನಿ ಬೀಳೋ ಜಾಗ ಬೇರೆ, ಲೀಕ್ ಆಗೋ ಜಾಗ ಬೇರೆ. ಒದ್ದೆ ಎಲ್ಲಿಂದ ಶುರು ಆಗಿದೆ ಅಂತ ಮೇಲಿನಿಂದ ಹುಡುಕಬೇಕು.

ಎರಡು ವಿಷಯ ಹೇಳಿ. ರಾತ್ರಿಯೆಲ್ಲಾ ನಿಂತಾಗ ಎಷ್ಟು ಬೀಳುತ್ತೆ, ಓಡಿ ಬಂದ ಮೇಲೆ ಎಷ್ಟು ಬೀಳುತ್ತೆ? ಇಂಜಿನ್ ಎತ್ತಲು ಜಾಕಿ ಎಲ್ಲಿ ಕೊಟ್ಟಿದ್ದರು?

ಕೌಲ್‌ಬಜಾರ್ ಎಸ್ಟೀಮ್

ತುಂಬಾ ಥ್ಯಾಂಕ್ಸ್ ಅಣ್ಣಾ. ರಟ್ಟು ಹಾಸಿ ನೋಡಿದೆ. ಕಂದು ಬಣ್ಣ, ಜಾರುತ್ತೆ, ಇಂಜಿನ್ ಆಯಿಲ್ಲೇ. ಸಂಜೆ ತೋರಣಗಲ್ಲಿಂದ ಬಂದು ನಿಲ್ಲಿಸಿದಾಗ ಅಂಗೈ ಅಗಲ ಕಲೆ ಆಗುತ್ತೆ. ಆಮೇಲೆ ರಾತ್ರಿ ಪೂರ್ತಿ ಹೆಚ್ಚು ಕಡಿಮೆ ಏನೂ ಇಲ್ಲ. ಭಾನುವಾರ ಗಾಡಿ ತೆಗೆಯಲೇ ಇಲ್ಲ, ಹೊಸ ರಟ್ಟು ಒಣಗೇ ಇತ್ತು. ಜಾಕಿ ಕೊಟ್ಟಿದ್ದು ಚೇಂಬರ್ ಕೆಳಗೇ. ಮರದ ತುಂಡು ಇಟ್ಟಿದ್ದರು, ನಾನೇ ನಿಂತು ನೋಡಿದ್ದೆ.

ಗಂಗಾವತಿ ಸ್ಪ್ಯಾನರ್

ಇದು ಒಳ್ಳೇ ಸುಳಿವು. ನಿಂತಾಗ ಒಣಗು, ಓಡಿದಾಗ ಒದ್ದೆ.

ಇಂಜಿನ್ ಆಫ್ ಆದಾಗ ಆಯಿಲ್ ಎಲ್ಲ ಇಳಿದು ಚೇಂಬರಲ್ಲಿ ಕೂರುತ್ತೆ. ಆ ಮಟ್ಟಕ್ಕಿಂತ ಕೆಳಗೆ ತೂತಿದ್ದರೆ ಗಾಡಿ ನಿಂತಾಗಲೂ ಸೋರಲೇಬೇಕು. ಚೇಂಬರ್ ಡ್ರೈನ್ ಬೋಲ್ಟು, ಅದರ ವಾಷರ್, ಬೆಂಡ್ ಆದ ಚೇಂಬರ್ ತಳ, ಇವೆಲ್ಲ ಆ ಲೆಕ್ಕಕ್ಕೆ ಬರುತ್ತೆ. ನಿಮ್ಮದು ಭಾನುವಾರ ಒಣಗಿದ್ದರೆ ಅವುಗಳ ಮೇಲೆ ಅನುಮಾನ ಕಮ್ಮಿ. ಆಯಿಲ್ ಮಟ್ಟಕ್ಕಿಂತ ಮೇಲಿರೋ ಜಾಗಗಳು ಓಡುವಾಗ ಮಾತ್ರ ಸೋರುತ್ತವೆ. ಕ್ರ್ಯಾಂಕ್ ತಿರುಗುವಾಗ ಎಣ್ಣೆ ಎರಚುತ್ತೆ, ಒಳಗೆ ಗಾಳಿ ಒತ್ತಡವೂ ಇರುತ್ತೆ. ಕ್ರ್ಯಾಂಕ್ ಸೀಲ್, ಕ್ಯಾಮ್ ಸೀಲ್, ಟ್ಯಾಪೆಟ್ ಕವರ್, ಗೇಜ್ ಪೈಪ್ ಬುಡ, ಆಯಿಲ್ ಪ್ರೆಷರ್ ಸ್ವಿಚ್, ಎಲ್ಲ ಈ ಗುಂಪು. ಆಯಿಲ್ ಫಿಲ್ಟರ್ ಕೂಡ ಕೈಯಲ್ಲಿ ಮುಟ್ಟಿ ನೋಡಿ.

ಚೇಂಬರ್ ಪ್ಯಾಕಿಂಗ್ ಮಾತ್ರ ಎರಡೂ ಕಡೆ ಆಡುತ್ತೆ. ಅಂಚಿನಲ್ಲಿ ಬಿಟ್ಟಿದ್ದರೆ ಓಡುವಾಗ ಸೋರಬಹುದು. ಮರದ ತುಂಡು ಇಟ್ಟಿದ್ದಾರೆ ಅಂದರೆ ಸರಿ, ಆದರೂ ಒಂದು ಸಲ ಸುತ್ತಲೂ ಬೆರಳು ಆಡಿಸಿ.

ಗಾಡಿ ಓಡಿಸಬಹುದಾ ಅಂತ ಕೇಳಿದ್ದಿರಿ. ಎಣ್ಣೆ ಟೈಮಿಂಗ್ ಕವರ್ ಒಳಗೆ ಹೋಗ್ತಾ ಇಲ್ಲ ಅಂತ ಗೊತ್ತಾಗೋವರೆಗೂ ದೂರ ಹೋಗಬೇಡಿ. ಆ ಬೆಲ್ಟ್ ರಬ್ಬರ್. ಎಣ್ಣೆ ಕುಡಿದರೆ ಮೆತ್ತಗಾಗಿ ಹಲ್ಲು ಕಿತ್ತು ಬರುತ್ತೆ. ಬೆಲ್ಟ್ ಹೋದರೆ ನಡು ರೋಡಲ್ಲಿ ಇಂಜಿನ್ ನಿಲ್ಲುತ್ತೆ. ಆಯಿಲ್ ಲೈಟ್ ಉರಿದರೆ ಅಲ್ಲೇ ಆಫ್ ಮಾಡಿ, ಮನೆ ಹತ್ತಿರ ಬಂತು ಅಂತ ಒಂದು ಕಿಲೋಮೀಟರೂ ಓಡಿಸಬೇಡಿ.

ಸಂಡೂರು ಘಾಟ್

ತೊಳೆಯೋ ಮುಂಚೆ ಒಂದು ಕೆಲಸ ಮಾಡಿ ಸರ್. ನೀವು ಓಡಾಡೋ ರೋಡಲ್ಲಿ ಅದಿರು ಲಾರಿ ಜಾಸ್ತಿ. ನಿಮ್ಮ ಇಂಜಿನ್ ಮೇಲೆ ಖಂಡಿತ ಕೆಂಪು ಧೂಳು ಕೂತಿರುತ್ತೆ. ಒಣಗಿದ ಜಾಗದಲ್ಲಿ ಅದು ಹುಡಿ ಹುಡಿಯಾಗಿ ಇರುತ್ತೆ, ಊದಿದರೆ ಹಾರುತ್ತೆ. ಎಣ್ಣೆ ಹರಿದ ಜಾಗದಲ್ಲಿ ಕಪ್ಪು ಕೆಂಪಗೆ ಕೆಸರಿನ ಥರ ಮೆತ್ತಿಕೊಂಡಿರುತ್ತೆ. ಒಳ್ಳೇ ಬೆಳಕಲ್ಲಿ ಬಾನೆಟ್ ಎತ್ತಿ, ಮೇಲಿನಿಂದ ಕೆಳಕ್ಕೆ ಮೊಬೈಲಲ್ಲಿ ಫೋಟೋ ತೆಗೀರಿ. ಟ್ಯಾಪೆಟ್ ಕವರ್ ಅಂಚಲ್ಲಿ ಧೂಳು ಒಣಗಿದೆಯಾ? ಹಾಗಿದ್ದರೆ ಮೇಲಿನಿಂದ ಬರ್ತಾ ಇಲ್ಲ. ಒದ್ದೆ ಎಲ್ಲಿ ಶುರು ಆಗುತ್ತೋ ಆ ಎತ್ತರ ಗುರುತು ಇಟ್ಕೊಳ್ಳಿ. ನಾನು ಗಣಿ ಕಡೆ ಗಾಡಿ ಓಡಿಸುವಾಗ ಎಷ್ಟೋ ಲೀಕ್ ಹೀಗೇ ಹಿಡಿದಿದ್ದೇನೆ. ತೊಳೆದುಬಿಟ್ಟರೆ ಈ ಗುರುತು ಹೋಗಿಬಿಡುತ್ತೆ, ಆಮೇಲೆ ಸಿಗಲ್ಲ.

ಕೌಲ್‌ಬಜಾರ್ ಎಸ್ಟೀಮ್

ಸರ್, ಸೂಪರ್ ಐಡಿಯಾ. ಈಗಷ್ಟೇ ಹೋಗಿ ನೋಡಿ ಬಂದೆ. ಟ್ಯಾಪೆಟ್ ಕವರ್ ಸುತ್ತ ಒಣ ಧೂಳು. ಟೈಮಿಂಗ್ ಕವರ್ ಮೇಲಿನ ಅರ್ಧವೂ ಒಣಗಿದೆ. ಗೇಜ್ ಪೈಪ್ ಮೇಲ್ಭಾಗ, ಕಡ್ಡಿ ಹಿಡಿ ಹತ್ತಿರ, ಒಣಗು. ಆದರೆ ಪೈಪ್ ಕೆಳಗೆ ಹೋದ ಹಾಗೆ ಕಪ್ಪಗೆ ಮೆತ್ತಿದೆ, ಅಲ್ಲಿಂದ ಕೆಳಗೆ ಎಲ್ಲ ಒದ್ದೆ. ಕವರ್ ಕೆಳಗಿನ ತುದಿಯೂ ಒದ್ದೆ ಇದೆ, ಅದಕ್ಕೇ ಒಳಗಿಂದ ಬರ್ತಾ ಇದೆಯೋ ಹೊರಗಿಂದ ಬಂದು ತಾಗಿದೆಯೋ ಗೊತ್ತಾಗ್ತಾ ಇಲ್ಲ.

ಗಂಗಾವತಿ ಸ್ಪ್ಯಾನರ್

ಈಗ ತೊಳೆಯಿರಿ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಸೈಲೆನ್ಸರ್ ಪೈಪ್ ಬಿಸಿ ಇದ್ದಾಗ ಡೀಸೆಲ್ ಹತ್ತಿರವೂ ತರಬೇಡಿ. ಆಲ್ಟರ್ನೇಟರ್ ಮೇಲೆ, ಪ್ಲಗ್ ವೈರ್ ಹತ್ತಿರ ಪ್ಲಾಸ್ಟಿಕ್ ಕವರ್ ಮುಚ್ಚಿ. ಹಳೇ ಬ್ರಷ್ಷಿಗೆ ಸ್ವಲ್ಪ ಡೀಸೆಲ್ ಹಚ್ಚಿ ಆ ಭಾಗ ಉಜ್ಜಿ, ವೇಸ್ಟ್ ಬಟ್ಟೆಯಲ್ಲಿ ಪೂರ್ತಿ ಒಣಗೋ ತನಕ ಒರೆಸಿ. ರಬ್ಬರ್ ಬೆಲ್ಟ್‌ಗೆ ಡೀಸೆಲ್ ತಾಗಬಾರದು. ವಾಟರ್ ವಾಷ್ ಗನ್ ಹೊಡೆಸಬೇಡಿ. ಆ ಒತ್ತಡದ ನೀರು ಟೈಮಿಂಗ್ ಕವರ್ ಸಂದಿಯಲ್ಲಿ, ಕರೆಂಟ್ ಕನೆಕ್ಟರ್ ಒಳಗೆ ನುಗ್ಗುತ್ತೆ, ಹೊಸ ರಗಳೆ.

ಒಣಗಿದ ಮೇಲೆ ಮೈಗೆ ಹಾಕೋ ಟಾಲ್ಕಂ ಪೌಡರ್ ತಗೊಂಡು ತೆಳ್ಳಗೆ ಉದುರಿಸಿ. ಗೇಜ್ ಪೈಪ್ ಬುಡ, ಆಯಿಲ್ ಪಂಪ್ ಕೇಸ್ ಜೋಡಣೆ, ಚೇಂಬರ್ ಅಂಚು, ಟೈಮಿಂಗ್ ಕವರ್ ಕೆಳತುದಿ. ತಿರುಗೋ ಪುಲ್ಲಿ ಬೆಲ್ಟ್ ಮೇಲೆ ಬೇಡ. ಮೊದಲು ಮನೆ ಮುಂದೆ ಸ್ವಲ್ಪ ಹೊತ್ತು ಐಡಲಲ್ಲಿ ಬಿಟ್ಟು ನೋಡಿ. ಲೂಸ್ ಅಂಗಿ, ಟವೆಲ್ ಏನೂ ಇಟ್ಕೋಬೇಡಿ, ಫ್ಯಾನ್ ತಾನಾಗಿ ಸ್ಟಾರ್ಟ್ ಆಗುತ್ತೆ. ಐಡಲಲ್ಲಿ ಏನೂ ಕಾಣದಿದ್ದರೆ ಹತ್ತಿರದಲ್ಲೇ ಒಂದು ರೌಂಡ್ ಹೋಗಿ ಬನ್ನಿ. ಬಂದ ತಕ್ಷಣ ನೋಡಬೇಕು. ಅರ್ಧ ಗಂಟೆ ಬಿಟ್ಟರೆ ಎಣ್ಣೆ ಹರಡಿಬಿಡುತ್ತೆ, ಮತ್ತೆ ಎಲ್ಲ ಕಡೆ ಒದ್ದೆ.

ಕವರ್ ಒಳಗಿಂದ ಬರ್ತಾ ಇದೆಯಾ ಅಂತ ತಿಳಿಯೋಕೆ ಮೇಲಿನ ಕವರ್ ಬೋಲ್ಟ್ ಸಡಿಲಿಸಿ ಸ್ವಲ್ಪ ಎಳೆದು ಟಾರ್ಚ್ ಬಿಡಿ. ಸೀಲ್ ಹೋಗಿದ್ದರೆ ಬೆಲ್ಟ್ ಅಂಚು, ಕವರ್ ಒಳಗೋಡೆ ಎಣ್ಣೆ ಎರಚಿದ ಹಾಗೆ ಇರುತ್ತೆ. ಬೆಲ್ಟ್ ತಿರುಗುತ್ತಲ್ಲ, ಎಣ್ಣೆ ಇದ್ದರೆ ಮೇಲೆ ತನಕ ಒಯ್ದು ಬಳಿದುಬಿಡುತ್ತೆ. ಮೇಲುಗಡೆ ಒಣಗಿದ್ದರೆ ಕ್ರ್ಯಾಂಕ್ ಸೀಲ್ ಅಂತ ಹೇಳೋದು ಕಷ್ಟ.

ಕೊಪ್ಪಳ ಕೋಟೆ

ನಾನಾದರೆ ಆ ಗ್ಯಾರೇಜಿಗೆ ಹೋಗಿ ಮೊದಲು ಜಗಳ ಆಡುತ್ತಿದ್ದೆ. ಅವರು ಕೈ ಹಾಕಿದ ಮೇಲೆ ಶುರುವಾಗಿದ್ದು, ಅವರೇ ಫ್ರೀ ಮಾಡಿಕೊಡಬೇಕು.

ಸಂಡೂರು ಘಾಟ್

ಜಗಳಕ್ಕಿಂತ ಫೋಟೋ ಕೆಲಸ ಮಾಡುತ್ತೆ. ಎಲ್ಲಿಂದ ಲೀಕ್ ಅಂತ ಕೈಯಲ್ಲಿ ಪ್ರೂಫ್ ಇದ್ದರೆ ಯಾವ ಮೇಸ್ತ್ರಿಯೂ ಇಲ್ಲ ಅನ್ನಲ್ಲ. ಸುಮ್ನೆ "ನೀವೇ ಹಾಳು ಮಾಡಿದಿರಿ" ಅಂದರೆ ಅವರು "ಹಳೇ ಗಾಡಿ" ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ.

ಕೌಲ್‌ಬಜಾರ್ ಎಸ್ಟೀಮ್

ಅಪ್‌ಡೇಟ್. ಬೆಳಿಗ್ಗೆ ಬಿಸಿಲೇರೋ ಮುಂಚೆ ತಮ್ಮನೂ ನಾನೂ ಸೇರಿ ತೊಳೆದು ಒಣಗಿಸಿದೆವು. ಪೌಡರ್ ಹಾಕಿ ಐಡಲಲ್ಲಿ ಬಿಟ್ಟೆವು. ಎಲ್ಲ ಕಡೆ ಬಿಳಿ ಬಿಳಿ, ಏನೂ ಇಲ್ಲ. ಆಮೇಲೆ ಕುಡಿತಿನಿ ತನಕ ಹೋಗಿ ಬಂದು, ಗೇಟಲ್ಲೇ ನಿಲ್ಲಿಸಿ ಬಾನೆಟ್ ಎತ್ತಿದೆವು.

ಗೇಜ್ ಪೈಪ್ ಕೇಸಿನೊಳಗೆ ಇಳಿಯೋ ಜಾಗದಲ್ಲಿ ಪೌಡರ್ ಉಂಗುರದ ಹಾಗೆ ಕಂದು ಬಣ್ಣಕ್ಕೆ ತಿರುಗಿದೆ. ಅದರ ಕೆಳಗಿನಿಂದ ಒಂದು ಗೆರೆ ಹೊರಟು ಕೇಸಿನ ಅಂಚು ಹಿಡಿದು, ಚೇಂಬರ್ ಬೋಲ್ಟ್ ತಲೆ ಮೇಲೆ ಬಂದು ಅಲ್ಲಿ ಹನಿ ಕಟ್ಟಿದೆ. ಪೈಪ್ ಬುಡದಿಂದ ಮೇಲೆ ಪೌಡರ್ ಹಾಗೇ ಬೆಳ್ಳಗಿದೆ. ಟೈಮಿಂಗ್ ಕವರ್ ಎಳೆದು ನೋಡಿದೆವು, ಒಳಗೆ ಒಣಗಿದೆ, ಬೆಲ್ಟ್ ಅಂಚಲ್ಲಿ ಹೊಸ ಬೆಲ್ಟಿನ ಅಕ್ಷರ ಕೂಡ ಸ್ಪಷ್ಟವಾಗಿ ಓದೋಕೆ ಬರುತ್ತೆ. ಪೈಪನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಸ್ವಲ್ಪ ಆಡುತ್ತೆ. ಅದನ್ನ ಹಿಡಿದಿರೋ ಬ್ರ್ಯಾಕೆಟ್ ಬೋಲ್ಟ್ ಕೈಯಲ್ಲೇ ತಿರುಗಿತು!

ಗಂಗಾವತಿ ಸ್ಪ್ಯಾನರ್

ಸಿಕ್ಕಿತು ಬಿಡಿ. ಬಹಳ ಖುಷಿ ಆಯ್ತು ನೋಡಿ. ಬೋಲ್ಟ್ ಸಡಿಲ ಇದ್ದರೆ ಇಂಜಿನ್ ನಡುಗುವಾಗ ಪೈಪ್ ಆಡ್ತಾ ಇರುತ್ತೆ, ಆ ಗಟ್ಟಿ ರಿಂಗ್ ಇನ್ನೂ ಸವೆಯುತ್ತೆ.

ಈಗ ಬರೀ ಬೋಲ್ಟ್ ಬಿಗಿ ಮಾಡಿ ಸುಮ್ಮನಾಗಬೇಡಿ. ಪೈಪ್ ಹೊರಗೆ ತೆಗೀಬೇಕು. ತೆಗೆಯೋ ಮುಂಚೆ ಬುಡದ ಸುತ್ತ ಇನ್ನೊಮ್ಮೆ ಒರೆಸಿ, ಕೆಂಪು ಧೂಳು ತೂತಿನ ಒಳಗೆ ಬಿದ್ದರೆ ಸೀದಾ ಚೇಂಬರಿಗೆ ಹೋಗುತ್ತೆ. ಅದು ಕಬ್ಬಿಣದ ಅದಿರಿನ ಪುಡಿ, ಬೇರಿಂಗ್ ತಿನ್ನುತ್ತೆ. ಬೋಲ್ಟ್ ತೆಗೆದು ಪೈಪನ್ನು ತಿರುಚುತ್ತಾ ಮೇಲಕ್ಕೆ ಎಳೀರಿ. ಹಳೇ ರಿಂಗ್ ಪೈಪ್ ಜೊತೆ ಬಂತಾ ನೋಡಿ. ಬರದಿದ್ದರೆ ತೂತಿನಲ್ಲೇ ಕೂತಿರುತ್ತೆ, ಸಣ್ಣ ಕೊಕ್ಕೆಯಲ್ಲಿ ಜೋಪಾನವಾಗಿ ತೆಗೀರಿ. ತೂತಿಗೆ ಬಟ್ಟೆ ಮುಚ್ಚಿಡಿ.

ಹೊಸ ರಿಂಗನ್ನು ಪಾರ್ಟ್ಸ್ ಅಂಗಡಿಯಲ್ಲಿ ಗಾಡಿ ಮಾಡೆಲ್ ಹೇಳಿ ತಗೊಳ್ಳಿ. ಹಳೇದು ಹಿಡಿದು "ಇದೇ ಸೈಜ್ ಕೊಡಿ" ಅಂದರೆ ಚಪ್ಪಟೆಯಾದ ರಿಂಗಿನ ಅಳತೆ ತಪ್ಪಾಗುತ್ತೆ. ನಲ್ಲಿಗೆ ಹಾಕೋ ಮಾಮೂಲಿ ರಬ್ಬರ್ ರಿಂಗ್ ಬೇಡ, ಬಿಸಿ ಎಣ್ಣೆಗೆ ಅದು ಉಬ್ಬಿ ಹಾಳಾಗುತ್ತೆ. ಹಾಕುವಾಗ ರಿಂಗಿಗೆ ಇಂಜಿನ್ ಆಯಿಲ್ ಸವರಿ, ಪೈಪ್ ನೇರವಾಗಿ ಒತ್ತಿ. ರಿಂಗ್ ಬದಲು ಸಿಲಿಕಾನ್ ಪೇಸ್ಟ್ ಬಳಿಯೋಕೆ ಯಾರಾದರೂ ಬಂದರೆ ಬೇಡ ಅನ್ನಿ. ಹೆಚ್ಚಾದ ಪೇಸ್ಟ್ ಒಳಗೆ ತುಂಡಾಗಿ ಬಿದ್ದು ಆಯಿಲ್ ಎಳೆಯೋ ಜಾಲರಿಗೆ ಸಿಕ್ಕಿಕೊಂಡರೆ ಇಂಜಿನ್ನಿಗೇ ಆಪತ್ತು.

ರಾಯಚೂರು ಬಿಸಿಲು

ಅಣ್ಣಾ ಒಂದು ಡೌಟು. ಇಂಜಿನ್ ಒಳಗೆ ಗಾಳಿ ಒತ್ತಡ ಜಾಸ್ತಿ ಆಗಿ ಎಣ್ಣೆ ಹೊರಗೆ ತಳ್ಳೋದೂ ಇರುತ್ತಲ್ವಾ? ಇಂಜಿನ್ ಒಳಗಿನ ಹೊಗೆಗೆ ದಾರಿ ಕೊಡೋ ಪಿಸಿವಿ ವಾಲ್ವ್ ಬ್ಲಾಕ್ ಆದರೆ?

ಗಂಗಾವತಿ ಸ್ಪ್ಯಾನರ್

ಹೌದು, ಒಳ್ಳೇ ನೆನಪು ಮಾಡಿದಿರಿ. ಹಳೇ ಪೆಟ್ರೋಲ್ ಗಾಡಿಯಲ್ಲಿ ಆ ವಾಲ್ವ್ ಜಿಡ್ಡು ಹಿಡಿದು ಕೂತಿರುತ್ತೆ. ಒಳಗಿನ ಹೊಗೆ ಹೋಗೋಕೆ ದಾರಿ ಇಲ್ಲದೆ ಎಲ್ಲಿ ದುರ್ಬಲ ಇದೆಯೋ ಅಲ್ಲಿಂದ ನುಗ್ಗುತ್ತೆ. ವಾಲ್ವ್ ತೆಗೆದು ಅಲ್ಲಾಡಿಸಿದರೆ ಒಳಗೆ ಟಕ್ ಟಕ್ ಅನ್ನಬೇಕು. ಶಬ್ದ ಬರದಿದ್ದರೆ ಬದಲಾಯಿಸಿ, ದುಬಾರಿ ಸಾಮಾನಲ್ಲ. ಎಸ್ಟೀಮ್ ಅವರೇ, ಇದನ್ನೂ ಒಂದು ಸಲ ನೋಡಿಬಿಡಿ. ಹೊಸ ರಿಂಗ್ ಹಾಕಿ ಅದು ಬ್ಲಾಕ್ ಆಗೇ ಇದ್ದರೆ ಎಣ್ಣೆ ಇನ್ನೊಂದು ಕಡೆ ದಾರಿ ಹುಡುಕುತ್ತೆ.

ಕೌಲ್‌ಬಜಾರ್ ಎಸ್ಟೀಮ್

ರಿಂಗ್ ಹಾಕಿದೆವು. ಹಳೇದು ಹೊರಗೆ ಬಂದಾಗ ಒಂದು ಕಡೆ ಕೊಯ್ದ ಹಾಗೆ ಹರಿದಿತ್ತು, ಉಗುರಲ್ಲಿ ಒತ್ತಿದರೆ ಪ್ಲಾಸ್ಟಿಕ್ ಥರ ಗಟ್ಟಿ. ಪಿಸಿವಿ ವಾಲ್ವ್ ಟಕ್ ಟಕ್ ಅನ್ನುತ್ತೆ, ಚೆನ್ನಾಗಿದೆ. ತೋರಣಗಲ್ಲಿಗೆ ಹೋಗಿ ಬಂದ ಮೇಲೆ ರಟ್ಟಿನ ಮೇಲೆ ಏನೂ ಇಲ್ಲ. ಪೌಡರ್ ಇನ್ನೂ ಬೆಳ್ಳಗೇ ಇದೆ. ಫೋಟೋ ತಗೊಂಡು ಗ್ಯಾರೇಜಿಗೆ ಹೋಗಿದ್ದೆ. ಮೇಸ್ತ್ರಿ ರಿಂಗ್ ಕೈಯಲ್ಲಿ ಹಿಡಿದು ನೋಡಿದರು, ಹುಡುಗರು ಹೊಸ ರಿಂಗ್ ಹಾಕದೆ ಪೈಪ್ ಹಾಗೇ ಕೂರಿಸಿದ್ದಾರೆ ಅಂತ ಒಪ್ಪಿಕೊಂಡರು. ಕಡಿಮೆಯಾಗಿದ್ದ ಆಯಿಲ್ ತುಂಬಿಸಿಕೊಟ್ಟರು. ಗಂಗಾವತಿ ಅಣ್ಣ, ಸಂಡೂರು ಸರ್, ನಿಮ್ಮಿಬ್ಬರಿಂದ ಸುಮ್ನೆ ಎಲ್ಲ ಬಿಚ್ಚೋದು ತಪ್ಪಿತು.

ಗಂಗಾವತಿ ಸ್ಪ್ಯಾನರ್

ಒಳ್ಳೇದಾಯ್ತು. ಆ ಮೇಸ್ತ್ರಿಯದೂ ದೊಡ್ಡ ಮನಸ್ಸು, ಒಪ್ಪಿಕೊಳ್ಳೋದು ಸುಲಭ ಅಲ್ಲ.

ಮುಂದೆ ಈ ಕೆಲಸ ಮಾಡಿಸೋರಿಗೆ ಒಂದು ಮಾತು. ಟೈಮಿಂಗ್ ಬೆಲ್ಟ್ ಹೊರಗೆ ಬಂದಾಗ ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್, ಗೇಜ್ ಪೈಪ್ ರಿಂಗ್ ಮೂರನ್ನೂ ಹೊಸದು ಹಾಕಿಸಿಬಿಡಿ. ಸಾಮಾನಿನ ದುಡ್ಡು ಕಮ್ಮಿ, ಲೇಬರ್ ಹೇಗೂ ಕೊಡ್ತೀರಿ. ಪಂಪ್ ಮೇಲೆ ಕೆಳಗೆ ಕೂರೋ ಎರಡು ರಬ್ಬರ್ ತುಂಡುಗಳೂ ಇವೆ, ಅವನ್ನ ಕೆಲವರು ಬಿಸಾಕ್ತಾರೆ. ಬೆಲ್ಟ್ ಇರೋ ಗೂಡಿಗೆ ಧೂಳು ನೀರು ಹೋಗದಂತೆ ತಡೆಯೋದು ಅವೇ. ಬಳ್ಳಾರಿ ಸಂಡೂರು ಕಡೆ ಅವು ಇಲ್ಲದೆ ಗಾಡಿ ಓಡಿಸಬಾರದು.

ಕೊಪ್ಪಳ ಕೋಟೆ

ಗಂಗಾವತಿ ಅಣ್ಣಾ, ನಮ್ಮದು ಸ್ವಿಫ್ಟ್ ಡೀಸೆಲ್, 1.3. ಪಂಪ್ ಹೋಗಿದೆ ಅಂತ ಹೇಳ್ತಿದ್ದಾರೆ. ನಮಗೂ ಈ ಗೇಜ್ ಪೈಪ್ ತಲೆನೋವು ಬರುತ್ತಾ?

ಗಂಗಾವತಿ ಸ್ಪ್ಯಾನರ್

ನಿಮ್ಮದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್. ಪಂಪ್ ತಿರುಗೋದು ಹೊರಗಿನ ಬೆಲ್ಟಲ್ಲಿ, ಅದನ್ನ ಬದಲಾಯಿಸೋಕೆ ಚೈನ್ ಕವರ್ ಬಿಚ್ಚೋ ಕೆಲಸ ಇಲ್ಲ. ಯಾರಾದರೂ ಚೈನ್ ಕವರ್ ತೆಗೀಬೇಕು ಅಂದರೆ ಯಾಕೆ ಅಂತ ಕೇಳಿ. ಕೆಲಸಕ್ಕೆ ಬಿಡೋ ಮುಂಚೆ ಬಾನೆಟ್ ಎತ್ತಿ ಆ ಭಾಗದ ಫೋಟೋ ತೆಗೆದಿಟ್ಕೊಳ್ಳಿ, ಗೇಜ್ ತೆಗೆದು ಆಯಿಲ್ ಎಲ್ಲಿದೆ ಅಂತಲೂ ಒಂದು ಫೋಟೋ. ಪಂಪ್ ಹಾಕಿದ ಮೇಲೆ ಕೂಲೆಂಟ್ ತುಂಬಿಸಿ ಗಾಳಿ ಪೂರ್ತಿ ಹೊರಗೆ ಬಿಟ್ಟಿದ್ದಾರಾ ನೋಡಿ. ಮಾರನೇ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಡಬ್ಬಿಯ ಮಟ್ಟ ಇನ್ನೊಮ್ಮೆ ಚೆಕ್ ಮಾಡಿ, ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ. ಎಣ್ಣೆ ಏನಾದರೂ ಕಂಡರೆ ತೊಳೆಯೋ ಮುಂಚೆ ಇಲ್ಲಿ ಫೋಟೋ ಹಾಕಿ, ನೋಡೋಣ.